ಎತ್ತರದ ಜೀಪು, ಜಾರುವ ಮಣ್ಣು

ನಡುಮಳೆಗಾಲದ ಕಕ್ಕಡ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಕೊಡಗಿನ ತೋಟದ ದಾರಿಯಲ್ಲಿ ಒಮ್ಮೆ ಬಗ್ಗಿ ನೋಡಿ. ಮೇಲುಗಡೆ ಸಿಲ್ವರ್ ಓಕಿನ ಕೊಳೆತ ಎಲೆ. ಅದರಡಿ ಎರಡು ಬೆರಳು ದಪ್ಪದ ಕೆಂಪು ಲೋಳೆ. ಬೆರಳು ಒತ್ತಿದರೆ ಆ ಲೋಳೆಯ ಕೆಳಗೆ ಗಟ್ಟಿ ನೆಲ ಸಿಗುತ್ತದೆ. ಎಷ್ಟೋ ವರ್ಷ ಚಕ್ರ ಹರಿದು ಕಲ್ಲಿನಂತಾದ ನೆಲ. ಗಾಡಿಗೆ ಯಾವ ಟೈರು ಹಾಕಬೇಕು, ಎಷ್ಟು ಎತ್ತರಿಸಬೇಕು ಎಂಬ ಚರ್ಚೆಯೆಲ್ಲ ನನ್ನ ಮಟ್ಟಿಗೆ ಈ ಮೂರು ಪದರದಲ್ಲೇ ಮುಗಿಯುತ್ತದೆ. ಮೇಲಿನ ಲೋಳೆಯನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟಿದ ಟೈರು ಏರು ಹತ್ತುತ್ತದೆ. ಲೋಳೆಯ ಮೇಲೇ ತೇಲಿದ್ದು ಪಕ್ಕದ ಕಾಫಿ ಸಾಲಿಗೆ ಇಳಿಯುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿಯಲಿಲ್ಲ. ಮನೆಯ ಹಳೆಯ ಮಾರುತಿ ಜಿಪ್ಸಿಯನ್ನು ಕೆಡಿಸಿ ಕಲಿತೆ.

ಕೆಲವು ವರ್ಷಗಳ ಹಿಂದೆ, ನಮ್ಮೂರ ಗದ್ದೆಗಳಲ್ಲಿ ಮಳೆಗಾಲದ ಜೀಪ್ ಸ್ಪರ್ಧೆಗಳನ್ನು ನೋಡಿ ನೋಡಿ, ನನ್ನ ಗಾಡಿಯೂ ಹಾಗೆ ಎದ್ದು ನಿಲ್ಲಬೇಕು ಅನ್ನಿಸಿತು. ದೂರದ ಊರಿನ ಒಂದು ಗ್ಯಾರೇಜಿಗೆ ಕೊಟ್ಟೆ. ಸ್ಪ್ರಿಂಗ್ ಪ್ಲೇಟನ್ನು ಚಾಸಿಗೆ ಜೋಡಿಸುವ ಕೊಂಡಿ, ಎಂದರೆ ಷ್ಯಾಕಲ್, ಉದ್ದದ್ದು ಹಾಕಿದರು, ಹಿಂದೆ ಆಕ್ಸಲಿನ ಹೌಸಿಂಗ್ ಮತ್ತು ಪ್ಲೇಟಿನ ನಡುವೆ ಕಬ್ಬಿಣದ ಬ್ಲಾಕ್ ಕೂರಿಸಿದರು, 235/75 ಆರ್ 15 ಅಳತೆಯ ದೊಡ್ಡ ಮಡ್ ಟೈರು ತೊಡಿಸಿದರು. ಗಾಡಿ ಮನೆಗೆ ಬಂದಾಗ ಅಂಗಳದಲ್ಲಿ ನಿಂತ ರೀತಿಗೆ ಮಕ್ಕಳು ಕುಣಿದರು. ಅಮ್ಮ ಹತ್ತಲಾರದೆ ಮೆಟ್ಟಿಲ ಬಳಿಗೆ ತಂದು ನಿಲ್ಲಿಸು ಎಂದರು.

ಜುಲೈ ತಿಂಗಳಲ್ಲಿ ಮಡಿಕೇರಿಯಿಂದ ಸಂಪಾಜೆ ಕಡೆಗೆ ಘಾಟಿ ಇಳಿಯುತ್ತಿದ್ದೆ. ಸಣ್ಣ ಜಡಿಮಳೆ, ನುಣುಪಾದ ಟಾರು. ತಿರುವಿನಲ್ಲಿ ಬ್ರೇಕ್ ಮುಟ್ಟಿದ ಕೂಡಲೇ ಮುಂಭಾಗ ನೇರ ಹೋಯಿತು. ಸ್ಟೇರಿಂಗ್ ತಿರುಗಿದೆ, ಗಾಡಿ ತಿರುಗಿಲ್ಲ. ಎದುರಿಗೆ ಬಸ್ಸಿರಲಿಲ್ಲ, ಅಷ್ಟೇ ಪುಣ್ಯ. ಮರುದಿನ ನಮ್ಮ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಎಂಜಿನ್ ಕಡೆ ನೋಡಲೇ ಇಲ್ಲ. ಚಾಸಿಗೆ ಜಾಕ್ ಕೊಟ್ಟು ಮುಂದಿನ ಚಕ್ರ ಗಾಳಿಯಲ್ಲಿ ಪೂರ್ತಿ ಇಳಿಬಿಡುವ ತನಕ ಎತ್ತಿದರು. ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, “ಇಲ್ಲಿ ಕೈ ಇಟ್ಟು ನೋಡಿ ಅಣ್ಣ” ಎಂದರು. ಚಕ್ರಕ್ಕೆ ಹೋಗುವ ಬ್ರೇಕ್ ಹೋಸ್ ವೀಣೆಯ ತಂತಿಯಂತೆ ಬಿಗಿದಿತ್ತು. ಎರಡು ಬೆರಳಲ್ಲಿ ಹಿಡಿದರೆ ಒಂದಿಷ್ಟೂ ಸಡಿಲವಿಲ್ಲ. ರಬ್ಬರಿನ ಮೇಲೆ, ಲೋಹದ ಬಾಯಿಗೆ ಸೇರುವಲ್ಲಿ, ಕೂದಲೆಳೆಯಂಥ ಬಿರುಕುಗಳು. ಒಂದು ದೊಡ್ಡ ಗುಂಡಿಗೆ ಚಕ್ರ ಇಳಿದಿದ್ದರೆ ಬ್ರೇಕ್ ಎಣ್ಣೆ ರಸ್ತೆಯ ಪಾಲಾಗುತ್ತಿತ್ತು.

ಗಾಡಿ ಎತ್ತರಿಸುವುದೆಂದರೆ ಪ್ಲೇಟು ಅಥವಾ ಸ್ಪ್ರಿಂಗ್ ಬದಲಿಸುವುದಷ್ಟೇ ಎಂಬ ನನ್ನ ತಿಳಿವಳಿಕೆ ಆ ಬಿಗಿದ ಹೋಸನ್ನು ಮುಟ್ಟಿದಾಗ ಮುರಿಯಿತು. ಅಂದಿನಿಂದ ಈ ವಿಷಯದಲ್ಲಿ ಸಿಕ್ಕವರನ್ನೆಲ್ಲ ಕೇಳಿದೆ, ಅಳೆದೆ, ಲೆಕ್ಕ ಹಾಕಿದೆ. ನಮ್ಮ ಜಿಲ್ಲೆಯ ಹುಡುಗರು ತಾರ್, ಜಿಮ್ನಿ ಕೊಂಡ ವಾರದಲ್ಲೇ ಲಿಫ್ಟ್ ಕಿಟ್ ಹುಡುಕುತ್ತಿರುವ ಈ ಹೊತ್ತಿನಲ್ಲಿ ಅದನ್ನು ಹೇಳಲೇಬೇಕು ಅನ್ನಿಸಿದೆ.

ಮೊದಲು ಲೆಕ್ಕ. ಟೈರಿನ ಬದಿಯಲ್ಲಿ 205/70 ಆರ್ 15 ಎಂದಿದ್ದರೆ ಅಗಲ 205 ಮಿಲಿಮೀಟರ್, ಬದಿಗೋಡೆಯ ಎತ್ತರ ಅಗಲದ ನೂರಕ್ಕೆ 70 ಪಾಲು, ರಿಮ್ಮಿನ ವ್ಯಾಸ 15 ಇಂಚು. ಕೂಡಿಸಿದರೆ ಟೈರಿನ ಒಟ್ಟು ಎತ್ತರ 668 ಮಿಲಿಮೀಟರ್. ಇದು ಜಿಪ್ಸಿಯ ಕಂಪನಿ ಅಳತೆ. ನಾನು ಹಾಕಿಸಿದ 235/75 ಆರ್ 15 ಟೈರಿನ ಎತ್ತರ ಸುಮಾರು 733. ವ್ಯತ್ಯಾಸ 65 ಮಿಲಿಮೀಟರ್. ಆದರೆ ಹೌಸಿಂಗ್ ಚಕ್ರದ ನಟ್ಟನಡುವೆ ಇರುತ್ತದೆ. ಆದ್ದರಿಂದ ನೆಲದಿಂದ ಅದು ಮೇಲೇರಿದ್ದು ಅದರರ್ಧ ಮಾತ್ರ, ಒಂದೂಕಾಲು ಇಂಚು. ಅದಕ್ಕೆ ಪ್ರತಿಯಾಗಿ ನಾನು ಕೊಟ್ಟದ್ದು ಏನು? ಚಕ್ರ ಶೇಕಡ 10ರಷ್ಟು ದೊಡ್ಡದಾಯಿತು, ಎಂದರೆ ಪ್ರತಿ ಗೇರೂ ಹೆಚ್ಚುಕಡಿಮೆ ಅಷ್ಟೇ ಬಲ ಕಳೆದುಕೊಂಡಿತು. 1.3 ಲೀಟರಿನ ಆ ಸಣ್ಣ ಎಂಜಿನ್ ಮೊದಲು ಸೆಕೆಂಡ್ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಫಸ್ಟ್ ಬೇಕಾಯಿತು. ಮೀಟರಿನಲ್ಲಿ 60 ಕಂಡಾಗ ಗಾಡಿ ನಿಜಕ್ಕೂ 66ರಲ್ಲಿ ಓಡುತ್ತಿತ್ತು. ಭಾರದ ಚಕ್ರವನ್ನು ನಿಲ್ಲಿಸಲು ಬ್ರೇಕಿಗೂ ಹೆಚ್ಚು ಹೊತ್ತು ಬೇಕು.

ಸಸ್ಪೆನ್ಷನ್ ಎತ್ತರಿಸಿದ್ದರಿಂದ ಹೌಸಿಂಗ್ ಒಂದು ನೂಲೂ ಮೇಲೇಳಲಿಲ್ಲ ಎಂಬುದು ಹಲವರಿಗೆ ನಂಬಲಾಗದ ಮಾತು. ಜಿಪ್ಸಿ, ಹಳೆಯ ಜೀಪು, ಜಿಮ್ನಿ, ಇವುಗಳಲ್ಲಿ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ ಒಂದೇ ಗಟ್ಟಿ ಕೊಳವೆ. ಪ್ಲೇಟು ಎತ್ತರವಾದರೆ ಮೇಲೇಳುವುದು ಚಾಸಿ ಮತ್ತು ಬಾಡಿ. ಚರಳು ದಾರಿಯ ನಡುವಿನ ದಿಬ್ಬಕ್ಕೆ ಬಡಿಯುವ, ಆಕ್ಸಲಿನ ನಡುವಿನ ಕ್ರೌನ್ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತುವುದು ಟೈರು ಮಾತ್ರ. ಹಾಗಾದರೆ ಲಿಫ್ಟ್‌ನಿಂದ ಉಪಯೋಗವೇ ಇಲ್ಲವೇ? ಇದೆ. ಮುಂದಿನ ಬಂಪರ್ ಏರಿಗೆ ತಾಗದೆ ಹೋಗುವ ಕೋನ, ಹೊಟ್ಟೆ ದಿಬ್ಬಕ್ಕೆ ಸಿಕ್ಕಿಬೀಳದ ಕೋನ ಹೆಚ್ಚುತ್ತದೆ. ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜದೆ ತಿರುಗಲು ಜಾಗ ಸಿಗುತ್ತದೆ. ಬಂಡೆಗಳ ಮೇಲೆ ಹತ್ತಿಳಿಯುವ ಸ್ಪರ್ಧೆಯವರಿಗೆ ಇದು ಬೇಕೇ ಬೇಕು. ಕಾಫಿ ಮೂಟೆ, ಗೊಬ್ಬರ, ಕೆಲಸದವರು, ಶಾಲೆಯ ಮಕ್ಕಳು ಇವರನ್ನು ಹೊರುವ ಗಾಡಿಗೆ ಎಷ್ಟು ಬೇಕು ಎಂಬುದೇ ಪ್ರಶ್ನೆ.

ಏಕೆಂದರೆ ಎತ್ತರಕ್ಕೆ ಬೆಲೆ ಇದೆ, ಅದನ್ನು ಕೊಡಗಿನ ಓರೆ ದಾರಿಗಳು ವಸೂಲು ಮಾಡುತ್ತವೆ. ಎಡ ಬಲ ಚಕ್ರಗಳ ನಡುವಿನ ಅಂತರ 1300 ಮಿಲಿಮೀಟರ್ ಇರುವ ಗಾಡಿಯನ್ನು ಊಹಿಸಿ. ಅದರ ಭಾರದ ಕೇಂದ್ರ ನೆಲದಿಂದ 650 ಮಿಲಿಮೀಟರ್ ಮೇಲಿದೆ ಅಂದುಕೊಳ್ಳಿ. ಕಾಗದದ ಲೆಕ್ಕದಲ್ಲಿ ಅದು 45 ಡಿಗ್ರಿ ಓರೆಯಾಗುವವರೆಗೆ ಮಗುಚುವುದಿಲ್ಲ. ಕೇಂದ್ರ ಮೂರಿಂಚು ಮೇಲೇರಿದರೆ ಆ ಮಿತಿ ಸುಮಾರು 42ಕ್ಕೆ ಇಳಿಯುತ್ತದೆ. ಮೂರು ಡಿಗ್ರಿ ತಾನೆ ಅನ್ನಬೇಡಿ. ಇದು ನಿಂತ ಗಾಡಿಯ ಲೆಕ್ಕ, ಸ್ಪ್ರಿಂಗ್ ಬಾಗದ ಗಾಡಿಯ ಲೆಕ್ಕ. ಓಡುವ ಗಾಡಿಯ ಬಾಡಿ ತಿರುವಿನಲ್ಲಿ ಹೊರಗೆ ವಾಲುತ್ತದೆ, ತಲೆಯ ಮೇಲೆ ಕ್ಯಾರಿಯರ್ ಇರುತ್ತದೆ, ಹಿಂದೆ 50 ಕೆ.ಜಿ.ಯ ಮೂಟೆಗಳಿರುತ್ತವೆ, ಒಂದು ಚಕ್ರ ಚರಂಡಿಗೆ ಇಳಿದಿರುತ್ತದೆ. ಎಲ್ಲ ಸೇರಿದಾಗ ಉಳಿಯುವ ಅಂಚು ತೀರ ತೆಳುವು.

ಇನ್ನು ಒಳಗಿನ ಕಷ್ಟಗಳು. ಪ್ಲೇಟು ಸ್ಪ್ರಿಂಗಿನ ಗಾಡಿಗೆ ಉದ್ದದ ಷ್ಯಾಕಲ್ ಹಾಕುವುದು ಎಲ್ಲಕ್ಕಿಂತ ಅಗ್ಗದ ದಾರಿ. ಷ್ಯಾಕಲ್ ಎರಡಿಂಚು ಉದ್ದವಾದರೆ ಗಾಡಿ ಹೆಚ್ಚುಕಡಿಮೆ ಒಂದಿಂಚು ಏಳುತ್ತದೆ. ಆದರೆ ಪ್ಲೇಟಿನ ಒಂದು ತುದಿ ಮಾತ್ರ ಕೆಳಗಿಳಿದುದರಿಂದ ಇಡೀ ಆಕ್ಸಲ್ ಸ್ವಲ್ಪ ತಿರುಗಿ ಕೂರುತ್ತದೆ. ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳಲು ಚಕ್ರ ಎಡಬಲಕ್ಕೆ ಹೊರಳುವ ಅಚ್ಚಿನ ಮೇಲ್ತುದಿ ಕೊಂಚ ಹಿಂದಕ್ಕೆ ಒರಗಿರಬೇಕು, ಅದಕ್ಕೆ ಕ್ಯಾಸ್ಟರ್ ಅನ್ನುತ್ತಾರೆ. ಅದು ಕೆಟ್ಟರೆ ಗಾಡಿ ಹಗ್ಗ ಬಿಚ್ಚಿದ ಕರುವಿನಂತೆ ಅತ್ತಿತ್ತ ಓಡುತ್ತದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಕಡಿದಾಗಿ ನಿಂತು ಅದರ ಕ್ರಾಸ್ ಬೇಗ ಸವೆಯುತ್ತದೆ. ಬಾಡಿಯಲ್ಲಿ ನಡುಕ ಶುರುವಾದರೆ ಅದೇ ಮುನ್ಸೂಚನೆ. ಶಾಕ್ ಅಬ್ಸಾರ್ಬರ್ ಉದ್ದ ಸಾಲದೆ ಚಕ್ರ ಇಳಿದಾಗಲೆಲ್ಲ ಎಳೆದು ಕಿತ್ತುಬರುತ್ತದೆ. ಬ್ಲಾಕ್ ಬೇಕೇ ಬೇಕು ಅಂದರೆ ಹಿಂದಿನ ಆಕ್ಸಲಿಗೆ ಒಂದೇ ಒಂದು. ಒಂದರ ಮೇಲೊಂದು ಪೇರಿಸುವುದು, ಮುಂದಿನ ಆಕ್ಸಲಿಗೆ ಹಾಕುವುದು ಎರಡೂ ಪ್ರಾಣಾಪಾಯ. ಬ್ರೇಕ್ ಹಾಕಿದಾಗ ಮುಂದಿನ ಆಕ್ಸಲ್ ತಿರುಚಿಕೊಳ್ಳುವ ಬಲಕ್ಕೆ ಯು-ಬೋಲ್ಟ್ ಸಡಿಲಾದರೆ ಬ್ಲಾಕ್ ಜಾರಿ ಹೋಗುತ್ತದೆ.

ತಾರ್ ಇಟ್ಟುಕೊಂಡವರು ಇನ್ನೊಂದು ವಿಷಯ ಗಮನಿಸಬೇಕು. 2010ರ ತಾರ್ ಸಿ.ಆರ್.ಡಿ.ಇ. ಇರಲಿ, 2020ರ ಹೊಸ ತಾರ್ ಇರಲಿ, ಮುಂದಿನ ಎರಡು ಚಕ್ರಗಳು ಬೇರೆ ಬೇರೆಯಾಗಿ ಆಡುವ ವ್ಯವಸ್ಥೆ ಅದರದ್ದು. ಹಳೆಯದರಲ್ಲಿ ಟಾರ್ಷನ್ ಬಾರ್, ಹೊಸದರಲ್ಲಿ ಕಾಯಿಲ್. ಹಳೆಯದರ ಬಾರಿನ ಬೋಲ್ಟ್ ಬಿಗಿದು ಎತ್ತರಿಸಿದರೆ, ಹೊಸದಕ್ಕೆ ಸ್ಪೇಸರ್ ಕೊಟ್ಟು ಎತ್ತರಿಸಿದರೆ, ಚಕ್ರ ಕೆಳಗಿಳಿಯಲು ಮೊದಲಿದ್ದ ಜಾಗದಲ್ಲಿ ಅಷ್ಟನ್ನು ನೀವು ಆಗಲೇ ತಿಂದು ಹಾಕಿದ್ದೀರಿ. ಆಕ್ಸಲಿನ ಜಾಯಿಂಟು ಸದಾ ಓರೆಯಲ್ಲಿ ತಿರುಗುತ್ತದೆ, ಅದರ ರಬ್ಬರ್ ಬೂಟ್ ಹರಿಯುತ್ತದೆ, ಹರಿದ ಬೂಟಿನೊಳಗೆ ನಮ್ಮ ಕೆಂಪು ಕೆಸರು ಹೊಕ್ಕರೆ ಗ್ರೀಸ್ ಮರಳುಕಾಗದವಾಗುತ್ತದೆ. ಹೊಸ ತಾರ್‌ಗೆ ಕಂಪನಿ ಕೊಟ್ಟಿರುವ ನೆಲದಂತರ 226 ಮಿಲಿಮೀಟರ್. ತೋಟದ ದಾರಿಗೆ ಅದು ಸಾಲದು ಎಂದು ನನಗೆ ಯಾರೂ ಮನವರಿಕೆ ಮಾಡಿಲ್ಲ.

ಟೈರಿನ ಮಾತಿಗೆ ಬಂದರೆ ನಮ್ಮ ಅಜ್ಜಂದಿರ ಕಾಲದ ತಿಳಿವಳಿಕೆಯನ್ನು ನಾವು ಪೂರ್ತಿ ಮರೆತಿದ್ದೇವೆ. ಕೊಡಗಿಗೆ ರೈಲು ಇಂದಿಗೂ ಬಂದಿಲ್ಲ. ಜೀಪು ಮಾತ್ರ ಬೇಗ ಬಂತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಹೀಂದ್ರಾದವರು 1947ರಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿದರು. ಕಾರ್ಯಪ್ಪ, ತಿಮ್ಮಯ್ಯನವರ ನಾಡು ಇದು, ಮನೆಮನೆಯಲ್ಲೂ ಸೈನಿಕರಿದ್ದವರಿಗೆ ಜೀಪೆಂದರೆ ಹೊರಗಿನ ವಸ್ತುವಾಗಿರಲಿಲ್ಲ. ಆ ಜೀಪಿನ ಟೈರು 6.00-16. ಅಗಲ ಬರೀ ಆರಿಂಚು, ಎತ್ತರ ಮಾತ್ರ 28 ಇಂಚಿಗೂ ಮೇಲೆ. ನಾನು ಜಿಪ್ಸಿಗೆ ಹಾಕಿಸಿದ ದೊಡ್ಡ ಟೈರಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಅಗಲ ಮಾತ್ರ ಅದರ ಒಂದೂವರೆ ಪಟ್ಟು. ಹಳೆಯ ಜೀಪು ಸಣಕಲು ಚಕ್ರದಲ್ಲಿ ಲೋಳೆ ಸೀಳಿಕೊಂಡು ಗಟ್ಟಿ ನೆಲ ಮುಟ್ಟುತ್ತಿತ್ತು, ನನ್ನದು ತೇಲುತ್ತಿತ್ತು. ಮರುಭೂಮಿಯ ಮರಳಿನಲ್ಲಿ, ಆಳ ತಿಳಿಯದ ಗದ್ದೆಯ ಕೆಸರಿನಲ್ಲಿ ತೇಲುವುದೇ ಒಳ್ಳೆಯದು, ಅಲ್ಲಿ ಅಗಲ ಟೈರೇ ಸರಿ. ನಮ್ಮ ದಾರಿಗಳು ಹಾಗಿಲ್ಲ.

ಮಳೆ ತೀರ ಜೋರಾದರೆ ಹಿಂದಿನ ಚಕ್ರಗಳಿಗೆ ಕಬ್ಬಿಣದ ಚೈನ್ ಸುತ್ತುತ್ತಿದ್ದರು. ಈಗಲೂ ಒಳ ಊರುಗಳಲ್ಲಿ ಜೀಪಿನ ಸೀಟಿನಡಿ ತುಕ್ಕು ಹಿಡಿದ ಚೈನ್ ಇರುತ್ತದೆ. ಹಾಕಲು ಹತ್ತು ನಿಮಿಷ, ಬಿಚ್ಚಲು ಐದು. ಯಾವ ದುಬಾರಿ ಮಡ್ ಟೈರೂ ಲೋಳೆಯ ಏರಿನಲ್ಲಿ ಅದರ ಸಮಕ್ಕೆ ಬಾರದು. ಟಾರು ಸಿಕ್ಕಿದ ಕೂಡಲೇ ಬಿಚ್ಚಬೇಕು, ಅಷ್ಟೇ.

ಪೇಟೆಯಲ್ಲಿ ಸಿಗುವ ಟೈರುಗಳು ಮುಖ್ಯವಾಗಿ ಮೂರು ಜಾತಿ. ಎಚ್.ಟಿ. ಎಂಬುದು ಟಾರು ರಸ್ತೆಗೆ, ಎ.ಟಿ. ಎರಡಕ್ಕೂ, ಎಂ.ಟಿ. ಕೆಸರಿಗೆ. ನಮ್ಮ ಬಾಯಿಮಾತಿನ ‘ಬಟನ್ ಟೈರು’ ಎಂ.ಟಿ. ಬಳಗದ್ದು. ಬಟನ್‌ಗಳ ನಡುವೆ ಅಗಲವಾದ ಓಣಿಗಳಿರುತ್ತವೆ. ಚಕ್ರ ವೇಗವಾಗಿ ತಿರುಗಿದಾಗ ಕೆಸರು ಆ ಓಣಿಗಳಿಂದ ಸಿಡಿದು ಹೋಗಿ ಮುಂದಿನ ಹಿಡಿತಕ್ಕೆ ಜಾಗವಾಗುತ್ತದೆ. ಆದರೆ ಓಣಿ ಅಗಲವಾದಷ್ಟೂ ರಸ್ತೆಗೆ ತಾಗುವ ರಬ್ಬರ್ ಕಡಿಮೆ. ಒದ್ದೆ ಟಾರಿನ ಮೇಲಿನ ನೀರಿನ ಪೊರೆ ಹೀರಲು ಬೇಕಾದ ಸಣ್ಣ ಸೀಳುಗಳು ಬಟನ್ ಟೈರಿನಲ್ಲಿ ಕಡಿಮೆ. ಸಂಪಾಜೆ ತಿರುವಿನಲ್ಲಿ ನನ್ನನ್ನು ನೇರ ಒಯ್ದದ್ದು ಇದೂ ಹೌದು. ಕೊಡಗಿನವನ ಗಾಡಿ ಜೂನ್‌ನಿಂದ ಸೆಪ್ಟೆಂಬರಿನ ತನಕ ಒಂದು ಗಂಟೆ ಕೆಸರಿನಲ್ಲಿದ್ದರೆ ಹತ್ತು ಗಂಟೆ ಒದ್ದೆ ಟಾರಿನಲ್ಲಿರುತ್ತದೆ. ವಿರಾಜಪೇಟೆಯಿಂದ ಮಾಕುಟ್ಟ ದಾಟಿ ಕಣ್ಣೂರಿಗೆ ಹೋಗುವವರು, ಮಡಿಕೇರಿಯಿಂದ ಮಂಗಳೂರಿನ ಆಸ್ಪತ್ರೆಗೆ ಓಡುವವರು ಇದನ್ನು ನೆನಪಿಡಬೇಕು. ಅಂಥವರಿಗೆ ಒಳ್ಳೆಯ ಎ.ಟಿ. ಟೈರೇ ಸೈ, ಅದರ ಜೊತೆ ಒಂದು ಜೊತೆ ಚೈನ್.

ಹೊಸ ತಾರ್ ಕೊಳ್ಳುವವರಿಗೆ ಕಂಪನಿಯೇ ಎರಡು ಅಳತೆ ಇಟ್ಟಿತ್ತು. 245/75 ಆರ್ 16 ಒಂದು, 255/65 ಆರ್ 18 ಇನ್ನೊಂದು. ಒಟ್ಟು ಎತ್ತರದಲ್ಲಿ ಅರ್ಧ ಇಂಚಿನಷ್ಟೇ ಅಂತರ. ಆದರೆ 16 ಇಂಚಿನ ರಿಮ್ಮಿನದರಲ್ಲಿ ಬದಿಗೋಡೆ 184 ಮಿಲಿಮೀಟರ್, 18ರದರಲ್ಲಿ 166. ಚರಳಿನ ಪೆಟ್ಟು ತಿನ್ನುವುದು, ಗಾಳಿ ಇಳಿಸಿದಾಗ ಬಾಗುವುದು ಈ ಬದಿಗೋಡೆ. ಅಂದಕ್ಕೆ ದೊಡ್ಡ ರಿಮ್, ದಾರಿಗೆ ಸಣ್ಣ ರಿಮ್. ನಾನಾದರೆ ಕಣ್ಣು ಮುಚ್ಚಿ 16 ಇಂಚಿನದನ್ನೇ ಆರಿಸುತ್ತೇನೆ.

ದುಡ್ಡು ಖರ್ಚಿಲ್ಲದ ಉಪಾಯವೊಂದಿದೆ, ಅದನ್ನೇ ಜನ ಬಳಸುವುದಿಲ್ಲ. ಗಾಳಿ ಇಳಿಸುವುದು. ಒಂದು ಚಕ್ರದ ಮೇಲೆ 300 ಕೆ.ಜಿ. ಭಾರವಿದ್ದು ಗಾಳಿ 30 ಪಾಯಿಂಟ್ (ಪಿ.ಎಸ್.ಐ.) ಇದ್ದರೆ, ಸರಳ ಲೆಕ್ಕದಲ್ಲಿ ನೆಲಕ್ಕೆ ತಾಗುವ ರಬ್ಬರ್ ಸುಮಾರು 140 ಚದರ ಸೆಂಟಿಮೀಟರ್, ಒಂದು ಅಂಗೈಯಷ್ಟು. 18ಕ್ಕೆ ಇಳಿಸಿದರೆ ಅದೇ ಟೈರು 230ಕ್ಕೂ ಹೆಚ್ಚು ಚದರ ಸೆಂಟಿಮೀಟರ್ ನೆಲ ಹಿಡಿಯುತ್ತದೆ. ಅದೂ ಅಗಲಕ್ಕಲ್ಲ, ಮುಖ್ಯವಾಗಿ ಉದ್ದಕ್ಕೆ ಹರಡುತ್ತದೆ. ಹಿಡಿತಕ್ಕೆ ಬೇಕಾದದ್ದು ಅದೇ. ಸಾಮಾನ್ಯ ರಿಮ್ಮಿನಲ್ಲಿ 15ಕ್ಕಿಂತ ಕೆಳಗೆ ಇಳಿಸುವ ಧೈರ್ಯ ನಾನು ಮಾಡುವುದಿಲ್ಲ, ತಿರುವಿನಲ್ಲಿ ಟೈರು ರಿಮ್ ಬಿಟ್ಟು ಬರಬಹುದು. ಟಾರು ಸೇರುವ ಮೊದಲು ಮತ್ತೆ ತುಂಬಿಸಬೇಕು. ಒಂದು ಗೇಜು, ಬ್ಯಾಟರಿಗೆ ಸಿಕ್ಕಿಸುವ ಒಂದು ಸಣ್ಣ ಕಂಪ್ರೆಸರ್, ಇವೆರಡು ಗಾಡಿಯಲ್ಲಿ ಇದ್ದವರಿಗೆ ಲಿಫ್ಟ್ ಬೇಡಿಕೆ ಅರ್ಧ ಇಳಿದುಹೋಗುತ್ತದೆ.

ಟೈರು ಕೊಳ್ಳುವಾಗ ಬದಿಗೋಡೆಯಲ್ಲಿ ನಾಲ್ಕಂಕಿಯ ಸಂಖ್ಯೆ ಹುಡುಕಿ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಬಟನ್ ಎಷ್ಟೇ ಎತ್ತರವಿರಲಿ, ವರ್ಷಗಟ್ಟಲೆ ಗೋದಾಮಿನಲ್ಲಿ ಒಣಗಿದ ರಬ್ಬರ್ ಒದ್ದೆ ರಸ್ತೆಯಲ್ಲಿ ಮರದಂತೆ ವರ್ತಿಸುತ್ತದೆ. ಕಾನೂನಿನ ಪ್ರಕಾರ ಗಾಡಿಯ ಟೈರಿನ ಗೆರೆಯ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾಗಬಾರದು. ಘಾಟಿಯ ಮಳೆಗೆ ಅಷ್ಟು ಸವೆಯುವ ತನಕ ಕಾಯುವುದೇ ತಪ್ಪು.

ಕಾನೂನಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ತಯಾರಕರು ನೀಡಿದ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಸೆರೆ, ಇಲ್ಲವೇ ಎರಡೂ ಎಂದು ಮಾಲೀಕನಿಗೂ ಶಿಕ್ಷೆ ಸೇರಿತು. ದಂಡಕ್ಕಿಂತ ದೊಡ್ಡ ಹೊಡೆತ ವಿಮೆಯದ್ದು. ಎತ್ತರಿಸಿದ ಗಾಡಿ ಮಗುಚಿ ಯಾರಿಗಾದರೂ ಏಟಾದರೆ, ತಿಳಿಸದೆ ಮಾಡಿದ ಮಾರ್ಪಾಡನ್ನು ಮುಂದಿಟ್ಟು ಕ್ಲೇಮ್ ತಳ್ಳಲು ಕಾರಣ ಸಿಕ್ಕಂತಾಗುತ್ತದೆ. ಸ್ಪರ್ಧೆಗೆಂದೇ ಗಾಡಿ ಕಟ್ಟುವವರು ಅದನ್ನು ಬೇರೆ ವಾಹನದ ಮೇಲೆ ಹೇರಿಕೊಂಡು ಮೈದಾನಕ್ಕೆ ಒಯ್ಯುತ್ತಾರೆ. ಅದು ಸರಿಯಾದ ರೀತಿ.

ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಮಾಂದಲ್‌ಪಟ್ಟಿ ಬೆಟ್ಟದಲ್ಲಿ ಚಿತ್ರೀಕರಿಸಿದ ‘ಗಾಳಿಪಟ’ 2008ರಲ್ಲಿ ಬಂದ ಮೇಲೆ ಆ ಬೆಟ್ಟಕ್ಕೆ ಹರಿದುಬಂದ ಜನಕ್ಕೆ ಲೆಕ್ಕವಿಲ್ಲ. ಅಲ್ಲಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳನ್ನು ಹತ್ತಿರದಿಂದ ನೋಡಿ. ದಿನಕ್ಕೆ ಹಲವು ಸಲ ಏರಿಳಿದು ಹೊಟ್ಟೆ ಹೊರೆಯುವ ಗಾಡಿಗಳವು. ಹೆಚ್ಚಿನವು ಎತ್ತರಿಸದ ಗಾಡಿಗಳು. ಚಾಲಕ ಒಬ್ಬರನ್ನು ಕೇಳಿದೆ. “ಎತ್ತರಿಸಿದ್ರೆ ಹಿಂದೆ ಕೂತವರು ಬೀಳ್ತಾರೆ ಸಾರ್” ಎಂದರು. ಲೋ ಗೇರ್, ಸವೆಯದ ಟೈರು, ದಾರಿಯ ಪ್ರತಿ ಕಲ್ಲಿನ ಪರಿಚಯ, ಅವರ ಬಂಡವಾಳ ಇಷ್ಟೇ. ತೊಂದರೆ ಬರುವುದು ಹೊರಗಿನಿಂದ ಎತ್ತರದ ಗಾಡಿ ತಂದು ದಾರಿ ಬಿಟ್ಟು ಹುಲ್ಲುಗಾವಲಿಗೆ ಇಳಿಸುವವರಿಂದ. ಬಟನ್ ಟೈರು ಒಮ್ಮೆ ಸುತ್ತಿ ಸುತ್ತಿ ಹುಲ್ಲಿನ ಬೇರು ಕಿತ್ತರೆ ಅಲ್ಲೊಂದು ತೋಡು ಆಗುತ್ತದೆ. ಮೊದಲ ಮಳೆಗೆ ಆ ತೋಡೇ ನೀರಿನ ಕಾಲುವೆ. ಎರಡನೆಯ ಮಳೆಗೆ ಮೊಣಕಾಲುದ್ದದ ಕೊರಕಲು. ಮೇಲ್ಮಣ್ಣು ತೆಳ್ಳಗಿರುವ ಬೆಟ್ಟದ ನೆತ್ತಿಯಲ್ಲಿ ಆ ಗಾಯ ಮಾಯಲು ವರ್ಷಗಳೇ ಬೇಕು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಗುಡ್ಡಗಳು ಕುಸಿದದ್ದನ್ನು ಕಂಡವರು ನಾವು. ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋದಾಗ ಎಂಥ ಜೀಪಿದ್ದರೂ ನಿಂತಲ್ಲೇ ನಿಂತಿತು. ನೀರು ಕೂಡಿದ ಮಣ್ಣಿನ ಮೇಲೆ ಯಾವ ಯಂತ್ರದ್ದೂ ನಡೆಯುವುದಿಲ್ಲ ಎಂದು ಆ ವರ್ಷ ಕಲಿಸಿತು. ಆದ್ದರಿಂದ ಮಳೆಯ ದಿನ ದಾರಿ ಬಿಟ್ಟು ಗುಡ್ಡ ಹತ್ತುವುದನ್ನು ಸಾಹಸ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಜಿಪ್ಸಿಯ ಕತೆ ಹೀಗೆ ಮುಗಿಯಿತು. ಉದ್ದದ ಷ್ಯಾಕಲ್ ತೆಗೆದು ಕಂಪನಿಯದನ್ನೇ ಹಾಕಿಸಿದೆ, ಬ್ಲಾಕ್ ಬಿಸಾಡಿದೆ. ಬಳಲಿ ಕೂತಿದ್ದ ಹಳೆಯ ಪ್ಲೇಟುಗಳ ಬದಲು ಹೊಸ ಸೆಟ್ ಕೂರಿಸಿದಾಗ ಗಾಡಿ ತಾನಾಗಿ ಒಂದಿಂಚಿನ ಹತ್ತಿರ ಎದ್ದಿತು. ಕಳೆದುಹೋದ ಎತ್ತರ ಅಷ್ಟೇ ಇದ್ದದ್ದು. ಬ್ರೇಕ್ ಹೋಸ್‌ಗಳೆಲ್ಲ ಹೊಸವು. 205/70 ಆರ್ 15 ಅಳತೆಯಲ್ಲೇ ಎ.ಟಿ. ಟೈರು. ಸೀಟಿನಡಿ ಚೈನ್, ಗೇಜು, ಕಂಪ್ರೆಸರ್. ಅಮ್ಮ ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾರೆ.

ಗಾಡಿ ಎತ್ತರಿಸಲೇಬೇಕು ಅನ್ನುವವರಲ್ಲಿ ನನ್ನದೊಂದು ಕೋರಿಕೆ. ದುಡ್ಡು ಕೊಡುವ ಮೊದಲು ಹೊಸ ಟೈರು ಹಾಕಿ, ಗಾಳಿ ಇಳಿಸಿ, ಲೋ ಗೇರಿನಲ್ಲಿ ನಿಮ್ಮದೇ ತೋಟದ ದಾರಿಯಲ್ಲಿ ಒಂದು ಮಳೆಗಾಲ ಓಡಿಸಿ ನೋಡಿ. ಈಗಾಗಲೇ ಎತ್ತರಿಸಿದ್ದರೆ ಈ ಭಾನುವಾರವೇ ಚಾಸಿಗೆ ಜಾಕ್ ಕೊಟ್ಟು ಚಕ್ರ ಇಳಿಬಿಡಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಬ್ರೇಕ್ ಹೋಸನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಅದು ಬಿಗಿದಿದ್ದರೆ ಆ ಗಾಡಿಯನ್ನು ಘಾಟಿಗೆ ಇಳಿಸಬೇಡಿ.